ಮೂಡ್ ಬಂದಾಗ ಮಾತ್ರ ಕಥೆ ಬರೆಯಬೇಕಾ?

ಪ್ರಶ್ನೆ: ಸರ್, ಮೂರು ಕಥೆ ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದೇನೆ. ಮೂಡ್ ಬಂದರೆ ಒಂದೇ ರಾತ್ರಿ ಹತ್ತು ಪುಟ ಬರೆಯುತ್ತೇನೆ. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಸ್ಫೂರ್ತಿ ಉಳಿಸಿಕೊಳ್ಳುವುದು ಹೇಗೆ?

ಶಿಡ್ಲಘಟ್ಟದಲ್ಲಿ ನಾನು ನಡೆಸುವ ಭಾನುವಾರದ ಕಥೆ ತರಗತಿಗೆ ಯಾರೇ ಹೊಸಬರು ಬರಲಿ, ಮೊದಲು ಕೇಳುವುದು ಇದನ್ನೇ. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಬರೆದೇ ಹೇಳುತ್ತೇನೆ. ಸ್ಫೂರ್ತಿಯನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೆ ಕಾಯುತ್ತಾ ಕೂರಲೂ ಬೇಡಿ.

'ಒಳ್ಳೆಯ ಕಥೆ ತಾನಾಗೇ ಬರುತ್ತೆ, ಹಟ ಹಿಡಿದು ಕೂತು ಬರೆದಿದ್ದರಲ್ಲಿ ಜೀವ ಇರಲ್ಲ' ಅನ್ನುವ ಮಾತನ್ನು ಯಾರು ಹುಟ್ಟಿಸಿದರೋ! ಇದನ್ನು ನಂಬಿ ಎಷ್ಟೋ ಒಳ್ಳೆಯ ಕೈಗಳು ಬರೆಯುವುದನ್ನೇ ಬಿಟ್ಟವು. ಒಮ್ಮೆ ಪರೀಕ್ಷೆ ಮಾಡಿ. ಉಮೇದಿನಲ್ಲಿ ಬರೆದ ಎರಡು ಪುಟ, ಬೇಜಾರಿನಲ್ಲೇ ಕೂತು ಬರೆದ ಎರಡು ಪುಟ, ತಾರೀಖು ಹಾಕದೆ ಒಟ್ಟಿಗೆ ಎತ್ತಿಡಿ. ಎರಡು ತಿಂಗಳು ಬಿಟ್ಟು ಓದಿ. ಯಾವುದು ಯಾವುದು ಅಂತ ಗುರುತು ಹಿಡಿಯುವುದು ಕಷ್ಟ. ತರಗತಿಯಲ್ಲಿ ಮಾಡಿಸಿದಾಗ ಜಾಸ್ತಿ ಜನ ತಪ್ಪು ಹೇಳಿದರು.

ಮಾಸ್ತಿಯವರನ್ನೇ ನೋಡಿ. ನಮ್ಮ ಕಡೆಯವರೇ, 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದವರು. ಮೈಸೂರು ಸಂಸ್ಥಾನದ ಅಧಿಕಾರಿ. 1920ರಲ್ಲಿ ಮೊದಲ ಕಥಾಸಂಕಲನ ಬಂದಾಗ ನೌಕರಿಯಲ್ಲೇ ಇದ್ದರು. ಜ್ಞಾನಪೀಠ ಬಂದದ್ದು 1983ರ ಸಾಲಿಗೆ. ನಡುವೆ ಅರವತ್ತಕ್ಕೂ ಹೆಚ್ಚು ವರ್ಷ. ಅಷ್ಟು ವರ್ಷ ಮೂಡ್ ಯಾರಿಗಿರುತ್ತೆ ಹೇಳಿ?

ನಮ್ಮ ತರಗತಿಗೆ ಬರುವ ಒಬ್ಬ ಅಕ್ಕ ರೇಷ್ಮೆ ಹುಳು ಸಾಕುತ್ತಾರೆ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಗಲೂ ರಾತ್ರಿ ಮೇಯುತ್ತಲೇ ಇರುತ್ತೆ. ರಾತ್ರಿ ಕೊನೇ ಸೊಪ್ಪು ಹಾಕಿ, ಕೈ ತೊಳೆದು, ಅರ್ಧ ಗಂಟೆ ಬರೆಯುತ್ತಾರೆ. ಒಂದು ಭಾನುವಾರ ಒಬ್ಬ ಹುಡುಗ, "ಜ್ವರದಲ್ಲಿ ಹುಳುನೂ ಮೇಯಲ್ಲ ಅಲ್ವಾ ಅಕ್ಕ? ನಮಗೂ ಹಾಗೇ ಆಗುತ್ತೆ" ಅಂದ. ಅವರು, "ಮೇಯಲ್ಲ ಕಣಪ್ಪ. ಹಾಗಂತ ಹುಳು ಮನೆಗೆ ಬೀಗ ಹಾಕಿ ಊರಿಗೆ ಹೋಗ್ತೀವಾ? ಸುಣ್ಣ ಉದುರಿಸ್ತೀವಿ, ಎದ್ದವಾ ಅಂತ ನೋಡ್ತಾ ಇರ್ತೀವಿ" ಅಂದರು. ಆ ದಿನ ನನಗಾದ ಹೆಮ್ಮೆ ಇಷ್ಟಿಷ್ಟಲ್ಲ.

ಕಥೆ ಮುಂದೆ ಹೋಗದ ದಿನವೂ ಅದೇ ಹೊತ್ತಿಗೆ ಕೂರಿ. ಹಳೇ ಪುಟವನ್ನು ಜೋರಾಗಿ ಓದಿ, ನಾಲಿಗೆ ತೊಡರಿದ ಕಡೆ ಗೆರೆ ಎಳೆಯಿರಿ. ಚಿಂತಾಮಣಿ ಬಸ್ಸಿನಲ್ಲಿ ಕಿವಿಗೆ ಬಿದ್ದ ನಾಲ್ಕು ಮಾತು ಬರೆದಿಡಿ. ಆ ಮೂರು ಕಥೆಗಳಲ್ಲಿ ಚಿಕ್ಕದನ್ನು, ಕೆಟ್ಟದಾಗಿಯಾದರೂ ಸರಿ, ಮುಗಿಸಿ. ಮೂವತ್ತು ಕಥೆ ಶುರು ಮಾಡಿದರೂ ಮುಗಿಸುವುದು ಕೈಗೆ ಹತ್ತುವುದಿಲ್ಲ. ಅದು ಮುಗಿಸಿದರೇ ಬರುವುದು.

ಇನ್ನೊಂದು ವಿಷಯ, ನೀವು ಕೇಳಿಲ್ಲ. ನಮ್ಮ ಕಡೆಯ ಎಷ್ಟೋ ಕಥೆಗಳು ಪಾತ್ರ ಬಾಯಿ ತೆರೆಯುವ ಜಾಗದಲ್ಲೇ ನಿಂತಿರುತ್ತವೆ. ಮನೆಯಲ್ಲಿ ತೆಲುಗು, ಬರೆಯುವುದು ಕನ್ನಡ. ನಿಜವಾದ ಅಜ್ಜಿ ತೆಲುಗಿನಲ್ಲಿ ಬೈದಿರುತ್ತಾಳೆ. ಪುಟದ ಅಜ್ಜಿ ಪಠ್ಯಪುಸ್ತಕದ ಕನ್ನಡದಲ್ಲಿ ಬೈಯುತ್ತಾಳೆ. ಬರೆಯುವವರಿಗೇ ಅದು ಸುಳ್ಳು ಅನಿಸಿ ಪೆನ್ನು ಕೆಳಗಿಡುತ್ತಾರೆ. ಆಮೇಲೆ ಮೂಡ್ ಹೋಯಿತು ಅನ್ನುತ್ತಾರೆ! ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ನಿಮಗೇಕೆ ಸಂಕೋಚ? ಅಜ್ಜಿ ತೆಲುಗಿನಲ್ಲೇ ಬೈಯಲಿ, ಕನ್ನಡ ಅಕ್ಷರದಲ್ಲಿ ಬರೆಯಿರಿ. 'ಏಮಿರಾ ಇದಿ' ಅಂದರೆ ನಮ್ಮ ಕಡೆ ಯಾರಿಗೂ ಅರ್ಥ ಹೇಳಬೇಕಿಲ್ಲ. ಧಾರವಾಡದ ಓದುಗರಿಗೆ ಮೊಮ್ಮಗ ಕೊಡುವ ಉತ್ತರದಿಂದಲೇ ತಿಳಿಯುತ್ತೆ. ನಿಮ್ಮ ಮೂರು ಕಥೆಗಳು ಯಾರ ಮಾತಿನ ಹತ್ತಿರ ನಿಂತಿವೆ, ಇವತ್ತೇ ತೆಗೆದು ನೋಡಿ.