ಅಳತೆ ಸರಿಯಿದ್ದರೂ ಹೆಲ್ಮೆಟ್ ತಲೆಗೆ ಇಳಿಯುತ್ತಿಲ್ಲ, ಏಕೆ?

ಪ್ರಶ್ನೆ: ಕಾಲೇಜು ಫೆಸ್ಟ್‌ಗೆ ಬಾಹ್ಯಾಕಾಶ ಯೋಧನ ಕವಚ ಮಾಡುತ್ತಿದ್ದೇವೆ. ತಮ್ಮನ ತಲೆ ಸುತ್ತಳತೆ ಟೇಪಿನಲ್ಲಿ 56 ಸೆಂ.ಮೀ. ಬಂತು. 10 ಮಿ.ಮೀ. ಫೋಮ್ ಶೀಟನ್ನು ಅಷ್ಟಕ್ಕೇ ಕತ್ತರಿಸಿ ಅಂಟಿಸಿದೆವು. ಈಗ ಹೆಲ್ಮೆಟ್ ಹಣೆಯಿಂದ ಕೆಳಗೆ ಇಳಿಯುತ್ತಲೇ ಇಲ್ಲ. ಒತ್ತಿದರೆ ಹಿಂದುಗಡೆ ಅಂಟು ಬಿಡುತ್ತದೆ. ಅಳತೆಯನ್ನು ಎರಡೆರಡು ಸಲ ನೋಡಿದ್ದೇವೆ. ತಪ್ಪು ಎಲ್ಲಾಗಿದೆ? (ಮಂಡ್ಯದಿಂದ)

ಉತ್ತರ: ಟೇಪು ಹಿಡಿದದ್ದರಲ್ಲಿ ತಪ್ಪಿಲ್ಲ. ಫೋಮಿನ ದಪ್ಪವನ್ನು ಲೆಕ್ಕಕ್ಕೆ ಸೇರಿಸದೇ ಇದ್ದದ್ದು ತಪ್ಪು. ಮನೆಯಲ್ಲಿ ಮೊದಲ ಸಲ ಹೆಲ್ಮೆಟ್ ಮಾಡುವವರೆಲ್ಲ ಎಡವುವುದು ಇಲ್ಲೇ.

ಫೋಮ್ ಪಟ್ಟಿಯನ್ನು ಬಳೆಯ ಹಾಗೆ ಬಗ್ಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಕತ್ತರಿಸಿದಷ್ಟೇ ಉದ್ದ ಉಳಿಯುವುದು ದಪ್ಪದ ನಟ್ಟನಡುವಿನ ಗೆರೆ ಮಾತ್ರ. 10 ಮಿ.ಮೀ. ಶೀಟನ್ನು 56 ಸೆಂ.ಮೀ.ಗೆ ಕತ್ತರಿಸಿ ಸುತ್ತಿದರೆ ಒಳಗಿನ ಸುತ್ತಳತೆ ಸುಮಾರು 53 ಸೆಂ.ಮೀ. ಆಗುತ್ತದೆ. ಅಂದರೆ ಮೆತ್ತೆ ಹಾಕುವ ಮೊದಲೇ 3 ಸೆಂ.ಮೀ. ಕಡಿಮೆ. ಹಣೆ, ತಲೆಯ ಹಿಂಭಾಗ, ಪಕ್ಕಗಳಿಗೆ ಸ್ಪಂಜು ಮೆತ್ತೆ ಬೇಕೇ ಬೇಕು, ಇಲ್ಲದಿದ್ದರೆ ತಲೆ ತಿರುಗಿಸಿದರೂ ಹೆಲ್ಮೆಟ್ ಮಾತ್ರ ನೇರಕ್ಕೇ ನೋಡುತ್ತಿರುತ್ತದೆ. ಆ ಮೆತ್ತೆಗೂ ಜಾಗ ಬಿಡಬೇಕು.

ಲೆಕ್ಕ ಹೀಗೆ: ಮೆತ್ತೆಯ ದಪ್ಪಕ್ಕೆ ಫೋಮಿನ ಅರ್ಧ ದಪ್ಪವನ್ನು ಕೂಡಿಸಿ, 6.28ರಿಂದ ಗುಣಿಸಿ, ಬಂದದ್ದನ್ನು ತಲೆಯ ಸುತ್ತಳತೆಗೆ ಸೇರಿಸಿ. ನಿಮ್ಮ ತಮ್ಮನಿಗೆ ಮೆತ್ತೆ 1 ಸೆಂ.ಮೀ., ಅರ್ಧ ಫೋಮ್ 0.5 ಸೆಂ.ಮೀ., ಒಟ್ಟು 1.5. ಅದನ್ನು 6.28ರಿಂದ ಗುಣಿಸಿದರೆ 9.4. ಹಾಗಾಗಿ ಕತ್ತರಿಸಬೇಕಿದ್ದದ್ದು 65.4 ಸೆಂ.ಮೀ. ಮೆತ್ತೆಯ ದಪ್ಪ ಅಂದರೆ ಅಂಗಡಿಯಲ್ಲಿ ಹೇಳುವ ದಪ್ಪವಲ್ಲ, ತಲೆ ಒತ್ತಿದ ಮೇಲೆ ಉಳಿಯುವ ದಪ್ಪ. ಸ್ಪಂಜನ್ನು ಎರಡು ಬೆರಳಿನ ನಡುವೆ ಹಗುರವಾಗಿ ಒತ್ತಿ ಹಿಡಿದು ಅಳೆಯಿರಿ.

ಅಂಟಿಸಿದ ಹೆಲ್ಮೆಟ್ಟನ್ನು ಎಸೆಯಬೇಡಿ. 9.4 ಸೆಂ.ಮೀ. ಕೊರತೆಯನ್ನು ತುಂಬಬಹುದು. ಮೂಗಿನ ನೇರದಿಂದ ನೆತ್ತಿಯ ಮೇಲೆ ಹಾದು ಕುತ್ತಿಗೆಯ ಹಿಂದಿನವರೆಗೆ ಒಂದು ಸೀಳು, ಒಂದು ಕಿವಿಯಿಂದ ನೆತ್ತಿಯ ಮೇಲೆ ಇನ್ನೊಂದು ಕಿವಿಯವರೆಗೆ ಮತ್ತೊಂದು ಸೀಳು ಹಾಕಿ. ಸುತ್ತಳತೆಯ ಗೆರೆ ಈ ಸೀಳುಗಳನ್ನು ನಾಲ್ಕು ಕಡೆ ದಾಟುತ್ತದೆ. ಪ್ರತಿ ಸೀಳಿಗೂ ಅದೇ ದಪ್ಪದ 2.4 ಸೆಂ.ಮೀ. ಅಗಲದ ಪಟ್ಟಿ ಕೂರಿಸಿದರೆ ಕೊರತೆ ತೀರುತ್ತದೆ. ಮೂಗಿನ ನೇರದ ಒಂದೇ ಸೀಳಿನಲ್ಲಿ 4.7 ಸೆಂ.ಮೀ. ಪಟ್ಟಿ ಹಾಕಿ ಮುಗಿಸೋಣ ಅನ್ನಿಸಬಹುದು, ಹಾಗೆ ಮಾಡಬೇಡಿ. ಹೆಲ್ಮೆಟ್ ಅಗಲವಾಗುತ್ತದೆ, ಉದ್ದ ಇದ್ದಷ್ಟೇ ಇರುತ್ತದೆ, ಕಿವಿಯ ಹತ್ತಿರ ಸಡಿಲವಾಗಿ ಹಣೆ ಮಾತ್ರ ಮೊದಲಿನಂತೆಯೇ ಒತ್ತುತ್ತದೆ. ಪಟ್ಟಿಗಳ ಮೇಲೆ 2 ಮಿ.ಮೀ. ಫೋಮಿನ ಇನ್ನೊಂದು ಪದರ ಅಂಟಿಸಿ ಏಣು ಮಾಡಿದರೆ ತೇಪೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ವಿನ್ಯಾಸವೇ ಹಾಗಿದೆ ಅನ್ನುವಂತೆ ಕಾಣುತ್ತದೆ.

ಹೊಸದಾಗಿ ಶುರು ಮಾಡುವವರು ಹೆಲ್ಮೆಟ್‌ಗೆ 10 ಮಿ.ಮೀ. ಬದಲು 5 ಅಥವಾ 6 ಮಿ.ಮೀ. ಶೀಟ್ ತೆಗೆದುಕೊಳ್ಳಿ. 10 ಮಿ.ಮೀ. ಎದೆಕವಚಕ್ಕೆ ಒಳ್ಳೆಯದು. ಅದೇ ತಲೆಗೆ 5 ಮಿ.ಮೀ. ಶೀಟನ್ನು 64 ಸೆಂ.ಮೀ.ಗೆ ಕತ್ತರಿಸಿದರೆ ಸಾಕು, ಹೊರಗಿನ ಸುತ್ತಳತೆಯಲ್ಲೂ 3 ಸೆಂ.ಮೀ. ಉಳಿಯುತ್ತದೆ. ಸಣಕಲು ಹುಡುಗನ ಭುಜದ ಮೇಲೆ ಆ 3 ಸೆಂ.ಮೀ. ಎದ್ದು ಕಾಣುತ್ತದೆ. ಬೇಕಾದದ್ದು ಇವಿಎ ಫೋಮ್. ಮೈಸೂರಾಗಲಿ ಮಂಡ್ಯವಾಗಲಿ, ಚಪ್ಪಲಿ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ವಿಚಾರಿಸಿ. ಮಕ್ಕಳು ಆಡಲು ನೆಲಕ್ಕೆ ಹಾಸುವ, ಒಂದಕ್ಕೊಂದು ಸಿಕ್ಕಿಸುವ ಮ್ಯಾಟ್‌ಗಳೂ ಸಾಮಾನ್ಯವಾಗಿ ಇದೇ ಫೋಮಿನವು. ಯೋಗ ಮ್ಯಾಟ್ ಮಾತ್ರ ನೋಡಿ ತೆಗೆದುಕೊಳ್ಳಿ. ಕೆಲವು ಪಿವಿಸಿಯವು, ಹೀಟ್ ಗನ್ (ಬಿಸಿಗಾಳಿ ಊದುವ ಯಂತ್ರ) ಹಿಡಿದರೆ ಗಂಟಲು ಸುಡುವ ವಿಷದ ಹೊಗೆ ಬಿಡುತ್ತವೆ. ಥರ್ಮೋಕೋಲ್ ಬೇಡವೇ ಬೇಡ, ರಬ್ಬರ್ ಅಂಟು ಅದನ್ನು ಕರಗಿಸಿಬಿಡುತ್ತದೆ.

ತಲೆ ಬರೀ ಸುತ್ತಳತೆಯಲ್ಲ. ಒಬ್ಬರ ಹಿಂತಲೆ ಉಬ್ಬಿರುತ್ತದೆ, ಇನ್ನೊಬ್ಬರದು ಚಪ್ಪಟೆ. ಹಾಗಾಗಿ ಲೆಕ್ಕದ ಜೊತೆಗೆ ತಲೆಯ ಮೇಲೇ ಮಾದರಿ ತೆಗೆಯುವುದು ಎಲ್ಲಕ್ಕಿಂತ ನಂಬಿಕೆಯ ದಾರಿ. ಹಳೆಯ ಮಂಕಿ ಕ್ಯಾಪ್ ಒಂದನ್ನು ತೆಗೆದುಕೊಳ್ಳಿ. ಮೆತ್ತೆಗೆಂದು ತಂದ ಸ್ಪಂಜಿನ ತುಂಡುಗಳನ್ನು ಹಣೆ, ಪಕ್ಕ, ಹಿಂಭಾಗದಲ್ಲಿ ಇಟ್ಟು ಮೇಲೆ ಕ್ಯಾಪ್ ಹಾಕಿಸಿ. ಅದರ ಮೇಲೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಸುತ್ತಿ. ಬಿಗಿಯಾಗಿ ಎಳೆಯಬೇಡಿ. ಕಣ್ಣು, ಮೂಗು, ಬಾಯಿ ಪೂರ್ತಿ ತೆರೆದೇ ಇರಲಿ, ಮುಖದ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತುವ ಕೆಲಸ ಯಾವ ಕಾರಣಕ್ಕೂ ಬೇಡ. ಈಗ ಟೇಪಿನ ಮೇಲೆ ನಡುಗೆರೆ ಎಳೆಯಿರಿ, ಒಂದು ಪಕ್ಕದಲ್ಲಿ ಮಾತ್ರ ಭಾಗಗಳನ್ನು ಗುರುತಿಸಿ, ಗೆರೆಗೆ ಅಡ್ಡವಾಗಿ 2–3 ಸೆಂ.ಮೀ.ಗೆ ಒಂದರಂತೆ ಸಣ್ಣ ಗೀಟು ಹಾಕಿ. ಎರಡು ತುಂಡು ಜೋಡಿಸುವಾಗ ಈ ಗೀಟುಗಳು ಒಂದಕ್ಕೊಂದು ಕೂಡಬೇಕು. ಆಮೇಲೆ ಕುತ್ತಿಗೆಯ ಕಡೆಯಿಂದ ಕತ್ತರಿ ಹಾಕಿ, ಕತ್ತರಿಯ ಮೊಂಡು ಬದಿ ಒಳಗಿರುವಂತೆ ನಿಧಾನವಾಗಿ ಬಿಡಿಸಿ.

ಬಿಡಿಸಿದ ಚಿಪ್ಪನ್ನು ಮೇಜಿನ ಮೇಲೆ ಇಟ್ಟರೆ ಅದು ಮಲಗುವುದಿಲ್ಲ, ಅಂಚು ಮೇಲೇಳುತ್ತದೆ. ಮೇಲೆದ್ದ ಕಡೆ ಅಂಚಿನಿಂದ ಒಳಕ್ಕೆ ಸೀಳಿ, ಚಪ್ಪಟೆಯಾಗುವವರೆಗೆ. ಸೀಳು ಬಿಟ್ಟುಕೊಂಡ ಆ ತ್ರಿಕೋನದ ಸಂದುಗಳೇ ನಿಮ್ಮ ಹೆಲ್ಮೆಟ್ಟಿನ ಉಬ್ಬು. ಅದನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆಯಿರಿ. ಮೆತ್ತೆ ಕ್ಯಾಪಿನ ಒಳಗೇ ಇದ್ದದ್ದರಿಂದ ಅದರ ಲೆಕ್ಕ ಬಂದಾಯಿತು, ಇನ್ನು ಸೇರಿಸಬೇಕಾದ್ದು ಫೋಮಿನ ಅರ್ಧ ದಪ್ಪ ಮಾತ್ರ: 5 ಮಿ.ಮೀ. ಶೀಟಿಗೆ ಇಡೀ ಸುತ್ತಿನಲ್ಲಿ 1.6 ಸೆಂ.ಮೀ. ಅದನ್ನು ತುಂಡುಗಳಿಗೆ ಹಂಚಿ. ಒಂದು ಪಕ್ಕದ ಮಾದರಿಯನ್ನೇ ಮಗುಚಿ ಇನ್ನೊಂದು ಪಕ್ಕಕ್ಕೆ ಬಳಸಿ. ಎರಡೂ ಪಕ್ಕ ಬೇರೆಬೇರೆ ಬಿಡಿಸಿದರೆ ಮುಖ ಸೊಟ್ಟಗಾಗುವುದು ಖಂಡಿತ.

ಅಂತರ್ಜಾಲದಿಂದ ಮಾದರಿ ಇಳಿಸಿಕೊಂಡವರಿಗೆ ಇನ್ನೊಂದು ಅಡಚಣೆ. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಕೊಡುವಾಗ ಹಾಳೆಗೆ ಹೊಂದುವಂತೆ ಚಿತ್ರ ತಾನಾಗಿಯೇ ಕುಗ್ಗಿರುತ್ತದೆ. 100ಕ್ಕೆ 95 ಆದರೂ ಸಾಕು, 65 ಸೆಂ.ಮೀ. ಸುತ್ತಿನಲ್ಲಿ 3 ಸೆಂ.ಮೀ.ಗಿಂತ ಹೆಚ್ಚು ಹೋಯಿತು. ಮೊದಲ ಪುಟದಲ್ಲಿ 5 ಸೆಂ.ಮೀ. ಚೌಕವೊಂದನ್ನು ಸೇರಿಸಿ, ‘ಆಕ್ಚುಯಲ್ ಸೈಜ್’ ಅಂತ ಹೇಳಿ, ಪ್ರಿಂಟ್ ಬಂದ ಕೂಡಲೇ ಅಲ್ಲೇ ಸ್ಕೇಲ್ ಇಟ್ಟು ನೋಡಿ.

ಕತ್ತರಿಸುವಾಗ ಬ್ಲೇಡ್ ನೆಟ್ಟಗೆ ನಿಲ್ಲಬೇಕು. ಓರೆಯಾದರೆ ಪ್ರತಿ ಜೋಡಣೆಯಲ್ಲಿ ಒಂದೆರಡು ಮಿ.ಮೀ. ನುಂಗುತ್ತದೆ, ಆರು ಜೋಡಣೆಗೆ 1 ಸೆಂ.ಮೀ. ಹೋಯಿತು. ಮೊಂಡು ಬ್ಲೇಡ್ ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಅಂಚಿನಲ್ಲಿ ಪುಡಿ ಏಳತೊಡಗಿದರೆ ತುದಿ ಮುರಿದು ಹೊಸದನ್ನು ಮುಂದೆ ತನ್ನಿ.

ಬಗ್ಗಿಸುವ ಕೆಲಸ ಅಂಟಿಸುವ ಮೊದಲೇ ಮುಗಿಯಬೇಕು. ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಬನ್ನಿ. ಮಂಕಾಗಿದ್ದ ಮೈ ಸ್ವಲ್ಪ ಹೊಳಪಿಗೆ ತಿರುಗಿ ತುಂಡು ಬಾಗತೊಡಗಿದಾಗ ಬಿಂದಿಗೆಯ ಹೊಟ್ಟೆಯ ಮೇಲೆ ಒತ್ತಿ ಹಿಡಿದು, ತಣ್ಣಗಾಗುವವರೆಗೆ ಬಿಡಬೇಡಿ. ಕೈಗೆ ದಪ್ಪ ಬಟ್ಟೆಯ ಕೈಗವಸು ಇರಲಿ. ಗುಳ್ಳೆ ಎದ್ದರೆ ಶಾಖ ಹೆಚ್ಚಾಯಿತು, ಅಂಥ ತುಂಡು ಕುಗ್ಗಿಯೂ ಇರುತ್ತದೆ. ಅದನ್ನು ಬಿಟ್ಟು ಬೇರೆ ಕತ್ತರಿಸಿ. ಈ ಶಾಖ ಮೇಲ್ಮೈಯ ರಂಧ್ರಗಳನ್ನೂ ಮುಚ್ಚುವುದರಿಂದ ಮುಂದೆ ಬಣ್ಣ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ.

ಇನ್ನು ಹಿಂದುಗಡೆ ಅಂಟು ಬಿಟ್ಟ ವಿಷಯ. ಬಿಳಿ ಫೆವಿಕಾಲ್ ಹಚ್ಚಿದ್ದರೆ ಅದು ನಿಲ್ಲದಿರುವುದು ಸಹಜ. ಅದು ಒಣಗಬೇಕಾದರೆ ನೀರನ್ನು ಮರವೋ ಕಾಗದವೋ ಹೀರಬೇಕು, ಈ ಫೋಮ್ ನೀರು ಹೀರುವುದಿಲ್ಲ. ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟು ಬೇಕು, ಫೆವಿಕಾಲ್ ಎಸ್‌ಆರ್ 998 ಅಂಥದ್ದು. ಎರಡೂ ಅಂಚಿಗೆ ತೆಳುವಾಗಿ ಹಚ್ಚಿ, 10–15 ನಿಮಿಷ ಹಾಗೇ ಬಿಡಿ. ಬೆರಳಿನ ಹಿಂಬದಿ ತಾಗಿಸಿ ನೋಡಿ: ಅಂಟು ನೂಲಿನಂತೆ ಎಳೆದು ಬಂದರೆ ಇನ್ನೂ ಹಸಿ, ಏನೂ ಅಂಟದಿದ್ದರೆ ಸರಿಯಾದ ಹೊತ್ತು. ಹಸಿಯಿದ್ದಾಗ ಕೂಡಿಸಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ಜೋಡಣೆ ವಾರವಾದರೂ ಜಾರುತ್ತಿರುತ್ತದೆ. ಮಳೆಗಾಲದಲ್ಲಿ ಇನ್ನಷ್ಟು ಕಾಯಿರಿ. ನಡುಗೀಟನ್ನು ಮೊದಲು ಕೂಡಿಸಿ, ಅಲ್ಲಿಂದ ಎರಡೂ ತುದಿಗೆ ಹೋಗಿ. ಈ ಅಂಟಿನ ಆವಿ ಬೆಂಕಿ ಹಿಡಿಯುವಂಥದ್ದು, ತಲೆ ಸುತ್ತಿಸುವಂಥದ್ದು. ಜಗುಲಿಯಲ್ಲೋ ತಾರಸಿಯಲ್ಲೋ ಹಚ್ಚಿ, ಅಂಟು ಡಬ್ಬಿ ತೆರೆದಿರುವಾಗ ಹೀಟ್ ಗನ್ ಹಚ್ಚಬೇಡಿ. ಅಂಟಿಸಿದ ಜೋಡಣೆಗೆ ಮತ್ತೆ ಶಾಖ ತಾಗಿದರೆ ಅಂಟು ಮೆತ್ತಗಾಗಿ ಬಾಯಿ ಬಿಡುತ್ತದೆ. ಹೆಲ್ಮೆಟ್ ಸೀಳುವ ಮೇಲಿನ ಕೆಲಸದಲ್ಲಿ ಇದೇ ಗುಣ ನಿಮಗೆ ಉಪಯೋಗಕ್ಕೂ ಬರುತ್ತದೆ.

ಬಣ್ಣಕ್ಕೆ ಮೊದಲು ಮೂರು ಪಾಲು ಬಿಳಿ ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ ತೆಳುವಾಗಿ ನಾಲ್ಕು ಸಲ ಬಳಿಯಿರಿ, ಪ್ರತಿ ಸಲವೂ ಪೂರ್ತಿ ಒಣಗಲಿ. ಮೇಲೆ ಬಟ್ಟೆಗೆ ಬಳಿಯುವ ಅಕ್ರಿಲಿಕ್ ಬಣ್ಣ. ಗೇಟಿಗೆ ಹೊಡೆಯುವ ಎನಾಮಲ್ ಗಡುಸಾಗಿ ಒಣಗುತ್ತದೆ, ಫೋಮ್ ಬಾಗಿದಾಗ ಬಿರುಕು ಬಿಡುತ್ತದೆ.

ಕುತ್ತಿಗೆಯ ಬಾಯಿ ಕಿರಿದಾಗುವ ಹೆಲ್ಮೆಟ್ ಆದರೆ ಇನ್ನೊಂದು ಅಳತೆ ಬೇಕು: ಮೂಗಿನ ತುದಿ, ಕಿವಿ ಸೇರಿಸಿ ಸುತ್ತಳತೆ. ಕನ್ನಡಕದವರು ಕನ್ನಡಕ ಹಾಕಿಕೊಂಡೇ ಅಳೆಯಿರಿ. ಬಾಯಿ ಅಷ್ಟು ದೊಡ್ಡದಿರಬೇಕು, ಇಲ್ಲವೇ ಹಿಂಭಾಗವನ್ನು ಬೇರೆ ತುಂಡಾಗಿ ಮಾಡಿ ಅಯಸ್ಕಾಂತದಿಂದ ಕೂಡಿಸಬೇಕು. ಮುಖದ ಗಾಜಿಗೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸಾಕು. ಒಳಗೆ ಆವಿ ಕಟ್ಟದಂತೆ ಪವರ್ ಬ್ಯಾಂಕಿನಿಂದ ಓಡುವ 5 ವೋಲ್ಟಿನ ಸಣ್ಣ ಫ್ಯಾನನ್ನು ಹಣೆಯ ಮೇಲಿಟ್ಟು ಗಾಳಿ ಶೀಟಿನ ಮೇಲೆ ಬೀಳುವಂತೆ ತಿರುಗಿಸಿ, ಗದ್ದದ ಕೆಳಗೂ ಹಿಂದೆಯೂ ತೂತು ಬಿಡಿ. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಕಡಿಮೆ ವಿದ್ಯುತ್ ಎಳೆದರೆ ಫೋನ್ ತುಂಬಿತೆಂದು ತಿಳಿದು ತಾವಾಗಿಯೇ ಆರುತ್ತವೆ, ಮನೆಯಲ್ಲೇ ಅರ್ಧ ಗಂಟೆ ಓಡಿಸಿ ಪರೀಕ್ಷಿಸಿ.

ಎದೆಗೂ ತೋಳಿಗೂ ಲೆಕ್ಕ ಇದೇ. ಭುಜದ ತುಂಡಿಗೆ ಮಾತ್ರ ನಮ್ಮ ಊರುಗಳ ಕುರುಕ್ಷೇತ್ರ ನಾಟಕದವರ ಭುಜಕೀರ್ತಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ತೋಳಿಗೆ ಬಿಗಿದು ನಿಲ್ಲುವುದಿಲ್ಲ, ಭುಜದ ಮೇಲಿಂದ ಇಳಿಬಿದ್ದಿರುತ್ತದೆ, ಅದಕ್ಕೇ ಭೀಮ ಗದೆ ಎತ್ತಿದರೂ ಕೆಳಗೆ ಬರುವುದಿಲ್ಲ. ನಿಮ್ಮದನ್ನೂ ಹಾಗೇ ಎದೆಕವಚದ ಪಟ್ಟಿಯಿಂದ ತೂಗುಬಿಡಿ, ತೊಡೆಯ ತುಂಡನ್ನು ಬೆಲ್ಟಿನಿಂದ. ವೆಲ್ಕ್ರೋ ಹಿಂದಿರುವ ಗೋಂದನ್ನು ನಂಬಬೇಡಿ, ಬೆವರಿಗೆ ಕಿತ್ತುಬರುತ್ತದೆ. ರಬ್ಬರ್ ಅಂಟು ಹಚ್ಚಿ ನಾಲ್ಕು ಹೊಲಿಗೆ ಹಾಕಿ.

ಫೆಸ್ಟ್‌ಗೆ ಎರಡು ದಿನ ಮೊದಲು ತಮ್ಮನಿಗೆ ಎಲ್ಲವನ್ನೂ ತೊಡಿಸಿ 20 ನಿಮಿಷ ಓಡಾಡಿಸಿ, ಕುರ್ಚಿಯ ಮೇಲೆ ಕೂರಿಸಿ, ಮೆಟ್ಟಿಲು ಹತ್ತಿಸಿ ಇಳಿಸಿ. ಹೆಲ್ಮೆಟ್ ಹಾಕಿದವರಿಗೆ ತಮ್ಮ ಕಾಲು ಕಾಣುವುದಿಲ್ಲ, ಇಳಿಯುವಾಗ ಪಕ್ಕದಲ್ಲಿ ಒಬ್ಬರು ಕೈ ಹಿಡಿದಿರಿ. ತೆಗೆದ ಮೇಲೆ ಹಣೆ ನೋಡಿ: ಎಲ್ಲಿ ಕೆಂಪು ಗುರುತು ಬಿದ್ದಿದೆಯೋ ಅಲ್ಲಿಯ ಮೆತ್ತೆಯನ್ನು 3 ಮಿ.ಮೀ. ತೆಳು ಮಾಡಿ.