ಎಆರ್‌ಟಿ ಮದ್ದು ತೆಗೆದುಕೊಳ್ಳುವವರಿಗೆ ಗರ್ಭ ನಿಲ್ಲುವುದಿಲ್ಲವೇ?

ಪ್ರಶ್ನೆ: ನಾಲ್ಕು ವರ್ಷದಿಂದ ಎಚ್‌ಐವಿಗೆ ಕೊಡುವ ಎಆರ್‌ಟಿ ಮಾತ್ರೆ ನುಂಗುತ್ತಿದ್ದೇನೆ. ಈಗ ಮುಟ್ಟಾಗದೆ ಒಂದೂವರೆ ತಿಂಗಳಾಯಿತು. ಇದೇ ಮದ್ದು ತೆಗೆದುಕೊಳ್ಳುವ ಅಕ್ಕ ಒಬ್ಬರು, "ಉಷ್ಣದ ಮದ್ದು, ನಮಗೆಲ್ಲ ಗರ್ಭ ನಿಲ್ಲುವುದಿಲ್ಲ" ಎನ್ನುತ್ತಾರೆ. ಹೌದಾ?
(ಮಂಜೇಶ್ವರ ಕಡೆಯ ಓದುಗರು)

ಮೊದಲು ಮೆಡಿಕಲ್ ಶಾಪಿನಿಂದ ಬಸಿರು ಪರೀಕ್ಷೆಯ ಕಿಟ್ ತಂದು ಬೆಳಿಗ್ಗೆ ಎದ್ದ ಕೂಡಲೇ ನೋಡಿ. ಎರಡು ಗೆರೆ ಬಂದರೆ ಬಸಿರು. ಎಆರ್‌ಟಿಯಿಂದ ಆ ಗೆರೆ ತಪ್ಪಾಗುವುದಿಲ್ಲ. ಮುಂದಿನದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಇನ್ನು ಆ ಅಕ್ಕನ ಮಾತು. ಕುಂಬಳೆಯಿಂದ ಬರಲಿ, ಬದಿಯಡ್ಕದಿಂದ ಬರಲಿ, ಇದೊಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಮದ್ದು ಉಷ್ಣವಂತೆ, ಗರ್ಭಕೋಶ ಒಣಗುತ್ತದಂತೆ, ಹಾಗಾಗಿ ಬೇರೆ ಜಾಗ್ರತೆ ಬೇಡವಂತೆ! ಈಗ ಹೆಚ್ಚಿನವರಿಗೆ ಸಿಗುವುದು ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ದಿನಕ್ಕೊಂದು ಮಾತ್ರೆ. ಮೈಯೊಳಗೆ ವೈರಸ್ಸು ಹೆಚ್ಚಾಗದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಅಂಡಾಶಯದ ತಂಟೆಗೆ ಅದು ಹೋಗುವುದೇ ಇಲ್ಲ.

ನಡೆಯುವುದು ಇದಕ್ಕೆ ಪೂರ್ತಿ ಉಲ್ಟಾ. ಮದ್ದು ಶುರುವಾಗುವ ಮೊದಲು ಎಷ್ಟೋ ಹೆಂಗಸರು ಜ್ವರ, ಭೇದಿಯಲ್ಲಿ ಸೊರಗಿ ಸೀರೆ ಸೊಂಟದಲ್ಲಿ ನಿಲ್ಲದಷ್ಟು ಇಳಿದಿರುತ್ತಾರೆ. ಮುಟ್ಟು ತಪ್ಪುತ್ತದೆ, ಅಂಡ ಬಿಡುಗಡೆಯಾಗುವುದೂ ತಪ್ಪುತ್ತದೆ. ಬಸಿರಾಗುವ ಸಾಧ್ಯತೆ ಕುಗ್ಗುವುದು ಆಗ, ಚಿಕಿತ್ಸೆ ಇಲ್ಲದಾಗ. ಮದ್ದು ಹಿಡಿದು ಮೈ ತುಂಬಿಕೊಂಡ ಮೇಲೆ ಮುಟ್ಟು ಸರಿಹೋಗುತ್ತದೆ, ಗಂಡ ಹೆಂಡತಿ ಮತ್ತೆ ಹತ್ತಿರವಾಗುತ್ತಾರೆ, ಬಸಿರೂ ಆಗುತ್ತದೆ. ಮದ್ದು ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೂ ಒಂದು ಗುರುತು.

"ಹಾಗಾದರೆ ಇಷ್ಟು ವರ್ಷ ಯಾಕೆ ಆಗಲಿಲ್ಲ?" ಎಂದು ಜಗಳಕ್ಕೆ ಬರುವವರಿದ್ದಾರೆ. ಯಜಮಾನರು ಎಲ್ಲಿದ್ದಾರೆ ಎಂದು ಕೇಳುತ್ತೇನೆ. ದುಬೈ, ಮಸ್ಕತ್! ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ, ಹೆಸರು ಮಾತ್ರ ಮದ್ದಿಗೆ. ಇನ್ನು ಕೆಲವರು ಅಷ್ಟೂ ವರ್ಷ ಕಾಂಡೋಮ್ ಬಳಸಿದ್ದನ್ನೇ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೆಯೇ ಉಳಿದರೆ ಸಂಗದಿಂದ ಗಂಡನಿಗೆ ಹರಡುವುದಿಲ್ಲ ಎಂದು ಕೌನ್ಸೆಲರ್ ಹೇಳುತ್ತಾರೆ. ಅದು ನಿಜ. ಅದನ್ನು ಕೇಳಿ ಕಾಂಡೋಮ್ ಬಿಟ್ಟವರು ಬಸಿರಿನ ಯೋಚನೆಯನ್ನೂ ಬಿಟ್ಟುಬಿಡುತ್ತಾರೆ. ವೀರ್ಯಕ್ಕೆ ನಿಮ್ಮ ಲ್ಯಾಬ್ ರಿಪೋರ್ಟ್ ಓದಲು ಬರುವುದಿಲ್ಲ, ತಂಗೀ.

ಮಗು ಸದ್ಯಕ್ಕೆ ಬೇಡವೆಂದರೆ ಕಾಪರ್ ಟಿ ಹಾಕಿಸಿಕೊಳ್ಳಬಹುದು; ಮದ್ದು ಹಿಡಿದು ಆರೋಗ್ಯವಾಗಿರುವವರಿಗೆ ಎಚ್‌ಐವಿ ಅದಕ್ಕೆ ಅಡ್ಡಿಯಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ಆಗುತ್ತದೆ. ಡೊಲುಟೆಗ್ರಾವಿರ್ ಜೊತೆ ದಿನದ ಗರ್ಭನಿರೋಧಕ ಮಾತ್ರೆಯೂ ಆಗುತ್ತದೆ. ಹಳೆಯ ಎಫಾವಿರೆಂಜ್‌ನಲ್ಲೇ ಇರುವವರು, ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುವವರು ಮಾತ್ರ ಆ ಮಾತ್ರೆಯೊಂದನ್ನೇ ನಂಬಿ ಕೂರಬಾರದು. ಅವು ಅದರ ಬಲ ಕುಗ್ಗಿಸುತ್ತವೆ.

ಎರಡು ಗೆರೆ ಬಂದರೆ? ಎಆರ್‌ಟಿಯನ್ನು ಒಂದು ದಿನವೂ ಬಿಡಬೇಡಿ. ಏನೂ ಚಿಕಿತ್ಸೆ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟುತ್ತದೆ. ಚಿಕಿತ್ಸೆಯಲ್ಲಿದ್ದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಮಗು ಬೇಕೋ ಬೇಡವೋ ನೀವು ತೀರ್ಮಾನಿಸಿ. ಬೇಡವೆಂದರೆ ತಡ ಮಾಡಬೇಡಿ. ಗರ್ಭಪಾತಕ್ಕೆ 18 ದಾಟಿದವರಿಗೆ ಸ್ವಂತ ಒಪ್ಪಿಗೆ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಬೇಕೆಂದರೆ, "ಈ ಕಾಯಿಲೆಯಲ್ಲಿ ಮಗು ಯಾಕೆ, ತೆಗೆಸಿ" ಎಂದು ಯಾರೂ ಒತ್ತಾಯ ಮಾಡುವಂತಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಗರ್ಭಪಾತವಾಗಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಲಿ ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆದಿದೆ.

ನೀವು ಕೇಳದಿದ್ದರೂ ಇನ್ನೊಂದು ವಿಷಯ. ಬಸಿರೆಂದು ತಿಳಿದ ಕೂಡಲೇ ಕಬ್ಬಿಣದ್ದು, ಕ್ಯಾಲ್ಸಿಯಂದು ಎಂದು ಮಾತ್ರೆಗಳ ಪಟ್ಟಿ ಕೈಗೆ ಬರುತ್ತದೆ. ಅತ್ತೆ ಮಲಗಿದ ಮೇಲೆ ಬಚ್ಚಿಟ್ಟ ಡಬ್ಬ ತೆರೆದು, ಬರಿ ಹೊಟ್ಟೆಯಲ್ಲಿ ಎಲ್ಲವನ್ನೂ ಒಂದೇ ಗುಟುಕಿಗೆ ನುಂಗುವವರು ಬಹಳ. ಹಾಗೆ ಮಾಡಿದರೆ ಕಬ್ಬಿಣವೂ ಕ್ಯಾಲ್ಸಿಯಮ್ಮೂ ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದುಬಿಡುತ್ತವೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಅವನ್ನು ನುಂಗುವ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಬಿಟ್ಟು ಎಆರ್‌ಟಿ ತೆಗೆದುಕೊಳ್ಳಿ. ಒಟ್ಟಿಗೇ ನುಂಗಬೇಕಾಗಿ ಬಂದರೆ ಊಟದ ಜೊತೆಗೇ ನುಂಗಿ.

ಮತ್ತೆ, ನಮ್ಮ ಕಡೆಯವರು ಮದ್ದು ಕಾಸರಗೋಡಿನ ಉಷಸ್ ಎಂಬ ಎಆರ್‌ಟಿ ಕೇಂದ್ರದಲ್ಲಿ ತೆಗೆದುಕೊಂಡು, ಹೆರಿಗೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದುಂಟು. ಅಲ್ಲಿ ಎಆರ್‌ಟಿ ಪುಸ್ತಕವನ್ನು ಬ್ಯಾಗಿನ ತಳದಲ್ಲಿ ಅಡಗಿಸಬೇಡಿ. ಮಗುವಿಗೆ ಹುಟ್ಟಿದ ಕೂಡಲೇ ಸೋಂಕು ತಡೆಯುವ ಸಿರಪ್ ಶುರುವಾಗಬೇಕು. ಹೆರಿಗೆ ಮಾಡಿಸುವ ಡಾಕ್ಟರಿಗೆ ಏಳನೇ ತಿಂಗಳಿಗೆ ಮೊದಲೇ ತಿಳಿಸಿಡಿ. ಗುಟ್ಟು ಕಾಯುವುದು ಕಾನೂನಿನಂತೆ ಅವರ ಹೊಣೆ. ಬೇರೆ ಸಂಶಯವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.