350 ವೋಲ್ಟ್, 9 ಆಂಪಿಯರ್, ಕೈ ಸುಡುವ ಮೋಟರ್

ಹೋದ ಬೇಸಿಗೆಯಲ್ಲಿ ತಿಪಟೂರು ಕಡೆಯಿಂದ ತೆಂಗಿನ ತೋಟದವರೊಬ್ಬರು ಫೋನ್ ಮಾಡಿದ್ದರು. 5 ಎಚ್‌ಪಿ ಮೋನೋಬ್ಲಾಕ್ (ಮೋಟರೂ ಪಂಪೂ ಒಂದೇ ಜೋಡಣೆಯಲ್ಲಿರುವುದು), ಮುಟ್ಟಿದರೆ ಕೈ ಸುಡುತ್ತಿದೆ. "ಅಣ್ಣಾ, ಬೋರ್ಡಲ್ಲಿ ವೋಲ್ಟು 350, ಆಂಪ್ಸು 9. ಗುಣಿಸಿದ್ರೆ 3150 ವಾಟ್. 5 ಎಚ್‌ಪಿ ಅಂದ್ರೆ 3730 ಅಲ್ವಾ? ಲೋಡೇ ಪೂರ್ತಿ ಬಿದ್ದಿಲ್ಲ, ಮತ್ಯಾಕೆ ಬಿಸಿ?"

ಲೆಕ್ಕ ಹಾಕಿ ಕೇಳುವವರು ಕಮ್ಮಿ, ನನಗೆ ನಿಜಕ್ಕೂ ಖುಷಿಯಾಯಿತು. ಮನೆಯ ಗೀಸರ್‌ಗೆ ಈ ಲೆಕ್ಕ ಸರಿ: 230 ವೋಲ್ಟ್, 10 ಆಂಪಿಯರ್, 2300 ವಾಟ್, ಮುಗಿಯಿತು. ತ್ರೀ ಫೇಸ್ ಮೋಟರ್‌ಗೆ ಇದು ಸಾಲದು. ಮೂರು ತಂತಿಯಲ್ಲೂ ಕರೆಂಟ್ ಹರಿಯುತ್ತದೆ, ಮೀಟರ್ ತೋರಿಸುವುದು ಒಂದರದ್ದು. ಹಾಗಂತ ಸುಮ್ನೆ ಮೂರರಿಂದ ಗುಣಿಸುವ ಹಾಗೂ ಇಲ್ಲ, ಯಾಕಂದ್ರೆ ಬೋರ್ಡಿನ ವೋಲ್ಟೇಜು ಎರಡು ಫೇಸಿನ ನಡುವಿನದು, ಅದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಇರುವುದರ 1.732 ಪಟ್ಟು (240 ಇದ್ದದ್ದು 415 ಆಗುವುದು ಹೀಗೇ). 3ನ್ನು 1.732ರಿಂದ ಭಾಗಿಸಿ, ಮತ್ತೆ 1.732 ಬರುತ್ತದೆ. ಗುಣಿಸಬೇಕಾದ್ದು ಅದರಿಂದ.

ಆಮೇಲೆ ಪವರ್ ಫ್ಯಾಕ್ಟರ್. ಎಳೆದ ಕರೆಂಟಿನಲ್ಲಿ ಒಂದು ಪಾಲು ಮೋಟರಿನೊಳಗೆ ಕಾಂತಶಕ್ತಿ ಹುಟ್ಟಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಗುಣಿಸಿ ಬಂದದ್ದರಲ್ಲಿ ಒಂದು ಭಾಗ ಮಾತ್ರ ನಿಜವಾದ ವಾಟ್; ಆ ಭಾಗವೇ ಪವರ್ ಫ್ಯಾಕ್ಟರ್. ಈ ಸೈಜಿಗೆ ಸುಮಾರು 0.85 ಹಿಡಿಯಿರಿ.

1.732 × 350 × 9 × 0.85. ಹತ್ತಿರ ಹತ್ತಿರ 4640 ವಾಟ್.

ಪೂರ್ತಿ ಲೋಡಿಗೆ ಎಷ್ಟು ಅಂತ ಬರೆದಿರುವ ಮೋಟರಿನ ನೇಮ್ ಪ್ಲೇಟ್ ಓದಿಸಿದೆ: 415 ವೋಲ್ಟ್, 7.5 ಆಂಪಿಯರ್. ಲೆಕ್ಕ ಹಾಕಿದರೆ 4580. ಶಾಫ್ಟಿಗೆ ಸಿಗುವುದು 3730, ಉಳಿದದ್ದು ಮೋಟರಿನಲ್ಲೇ ನಷ್ಟ. ಎರಡೂ ಲೆಕ್ಕ ಹೆಚ್ಚು ಕಮ್ಮಿ ಒಂದೇ ನೋಡಿ. ನೀರೆತ್ತುವ ಕೆಲಸ ಅಷ್ಟೇ ಇದೆ, ವೋಲ್ಟೇಜ್ ಇಳಿದಿದೆ, ಆ ಕೊರತೆ ತುಂಬಲು ಮೋಟರ್ ಕರೆಂಟ್ ಜಾಸ್ತಿ ಎಳೆಯುತ್ತಿದೆ. ವೈಂಡಿಂಗ್ ಕಾಯಿಸುವುದು ಈ ಆಂಪಿಯರೇ, ಅದೂ ವರ್ಗದ ಲೆಕ್ಕದಲ್ಲಿ: 7.5 ಇದ್ದದ್ದು 9 ಆದರೆ 1.2 ಪಟ್ಟು, ಅದರ ವರ್ಗ 1.44. ತಾಮ್ರದ ತಂತಿಯಲ್ಲಿ ಹುಟ್ಟುವ ಬಿಸಿ ಶೇ. 44ರಷ್ಟು ಜಾಸ್ತಿ.

ಹಾಗಾದ್ರೆ ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟರ್ ನಿಲ್ಲಿಸುವ ಸಾಧನ) ಯಾಕೆ ಬೀಳಲಿಲ್ಲ? ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ ಅದನ್ನು 10ಕ್ಕೆ ತಿರುಗಿಸಿ ಹೋಗಿದ್ದರಂತೆ. ದಯವಿಟ್ಟು ಇದೊಂದನ್ನು ಮಾಡಬೇಡಿ, ಮಾಡಲು ಬಿಡಲೂ ಬೇಡಿ.

ಮೇನ್ ಆಫ್ ಮಾಡಿಸಿ ರಿಲೇಯನ್ನು 7.5ಕ್ಕೆ ಇಳಿಸಿದೆವು. ಮೋಟರ್ ಆರಿದ ಮೇಲೆ ಮತ್ತೆ ಆನ್ ಮಾಡಿ, ನೀರು ಹೊರಗೆ ಹೋಗುವ ಪೈಪಿನ ಡೆಲಿವರಿ ವಾಲ್ವನ್ನು ನಿಧಾನಕ್ಕೆ ಮುಚ್ಚುತ್ತಾ ಬನ್ನಿ ಅಂದೆ. ಇಂಥ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ (ಒಳಗಿನ ಚಕ್ರ ತಿರುಗಿ ನೀರನ್ನು ಹೊರಕ್ಕೆ ತಳ್ಳುವ ಬಗೆ) ನೀರು ಕಮ್ಮಿಯಾದರೆ ಲೋಡೂ ಇಳಿಯುತ್ತದೆ. ಅವರು ಮುಳ್ಳು ನೋಡುತ್ತಾ ಫೋನಿನಲ್ಲೇ ಹೇಳುತ್ತಿದ್ದರು: ಎಂಟೂವರೆ, ಎಂಟು, ಏಳೂವರೆಗಿಂತ ಒಂಚೂರು ಕೆಳಗೆ. ಅಲ್ಲಿಗೆ ನಿಲ್ಲಿಸಿದೆವು.